ಮಾಸ್ಟ್ರು ಕೊಟ್ಟ 85 ರೂಪಾಯಿ

ನಮ್ಮ ಉಪ್ಪನ ಅಂಗಡಿಗೆ ಬೋರ್ಡು ಇರಲಿಲ್ಲ. ಕುಂಬಳೆಗೂ ಉಪ್ಪಳಕ್ಕೂ ನಡುವೆ, ಹೆದ್ದಾರಿಯ ಪಡುಬದಿಯಲ್ಲಿ ಹಂಚಿನ ಮಾಡಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕುಚ್ಚಲಕ್ಕಿ, ಬೆಲ್ಲ, ಒಣಮೀನು, ಸೋಪು, ಬೀಡಿ, ಮಕ್ಕಳ ಪೆಪ್ಪರ್‌ಮಿಂಟು. ಹಿಂದಿನ ಕೋಣೆಯಲ್ಲಿ ಗೋಣಿಗಳು ಮತ್ತು ಹೆಗ್ಗಣ. ಎದುರಿನ ಚಾವಡಿಯಲ್ಲಿ ಹಲಸಿನ ಮರದ ಒಂದು ಬೆಂಚು. ಅದರ ಒಂದು ಕಾಲು ಗಿಡ್ಡ, ಅಡಿಗೆ ಯಾವಾಗಲೂ ಒಂದು ಕಲ್ಲು. ಡಿಪ್ಲೊಮಾ ಮುಗಿಸಿ ಬಂದ ಹುರುಪಿನಲ್ಲಿ ನಾನು ಆ ಕಾಲಿಗೆ ಕಬ್ಬಿಣದ ಬೂಟು ಮಾಡಿಸುತ್ತೇನೆ ಅಂದಾಗ ಮಾಸ್ಟ್ರು ಬೇಡ ಅಂದರು. "ಬೆಂಚು ಅಲುಗಾಡಿದರೆ ಬಂದವರು ಹೆಚ್ಚು ಹೊತ್ತು ಕೂರುವುದಿಲ್ಲ. ನಿನ್ನ ಉಪ್ಪನ ವ್ಯಾಪಾರಕ್ಕೆ ಅದೇ ಒಳ್ಳೆಯದು."

ಹೆಚ್ಚು ಹೊತ್ತು ಕೂರುತ್ತಿದ್ದದ್ದು ಅವರೇ.

ಮಾಸ್ಟ್ರು ಅಂದರೆ ನಮ್ಮೂರಿನ ಅನುದಾನಿತ ಯು.ಪಿ. ಶಾಲೆಯಲ್ಲಿ ಲೆಕ್ಕ ಮತ್ತು ಕನ್ನಡ ಕಲಿಸಿದವರು. 1968ರ ಜೂನಿನಲ್ಲಿ ಕೆಲಸಕ್ಕೆ ಸೇರಿದರು, 2001ರ ಮಾರ್ಚ್ 31ಕ್ಕೆ ನಿವೃತ್ತರಾದರು. ಕೇರಳದಲ್ಲಿ ಆಗ 55ಕ್ಕೇ ಮನೆಗೆ ಕಳಿಸುತ್ತಿದ್ದರು. ತಲಪಾಡಿಯ ಆಚೆ ಇರುವ ಅವರ ಜೊತೆಯ ಮಾಸ್ಟ್ರುಗಳು ಇನ್ನೂ ಹಾಜರಿ ಕರೆಯುತ್ತಿದ್ದಾಗ ಇವರು ನಮ್ಮ ಬೆಂಚಿಗೆ ಬಂದರು. ಬೆಳಿಗ್ಗೆ ಏಳೂವರೆಗೆ ಉದಯವಾಣಿ ಬರುವಾಗ ಬರುವುದು, ಒಂಬತ್ತಕ್ಕೆ ಎದ್ದು ಹೋಗುವುದು. ಪೇಪರಿನಲ್ಲಿ ಅಕ್ಷರತಪ್ಪು ಕಂಡರೆ ಕಿಸೆಯಿಂದ ಕೆಂಪು ಪೆನ್ನು ತೆಗೆದು ಗುರುತು ಹಾಕುತ್ತಿದ್ದರು. ಆಮೇಲೆ ಅದೇ ಪೇಪರಿನಲ್ಲಿ ಉಪ್ಪ ಒಣಮೆಣಸು ಕಟ್ಟಿ ಕೊಡುತ್ತಿದ್ದರು.

ಅವರ ಮೊದಲ ಏಳನೇ ಕ್ಲಾಸಿನಲ್ಲಿ ಉಪ್ಪ ಇದ್ದರು. ಅವರ ಕೊನೆಯ ಐದನೇ ಕ್ಲಾಸಿನಲ್ಲಿ ನಾನಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಎರಡು ತಲೆಮಾರಿಗೆ ಮಗ್ಗಿ ತಪ್ಪಿದರೆ ಒಂದೇ ಕೈಯಿಂದ ಪೆಟ್ಟು.

ಉಪ್ಪ ಏಳಕ್ಕೇ ಶಾಲೆ ಬಿಟ್ಟವರು. ಆಗ ಅಂಗಡಿ ಉಪ್ಪಾಪನದ್ದು. ಹುಡುಗ ಲೆಕ್ಕದಲ್ಲಿ ಚುರುಕು, ಹೈಸ್ಕೂಲಿಗೆ ಕಳಿಸಿ ಎಂದು ಹೇಳಲು ಹೊಸ ಮಾಸ್ಟ್ರು ಸಂಜೆ ನಮ್ಮ ಮನೆಗೆ ನಡೆದುಕೊಂಡು ಬಂದಿದ್ದರಂತೆ. ಉಪ್ಪಾಪ ಚಾಯ ಕೊಟ್ಟರು, ಕಲ್ತಪ್ಪ ಕೊಟ್ಟರು, ಎಲ್ಲ ಕೇಳಿಸಿಕೊಂಡರು, ಕಳಿಸುವುದಿಲ್ಲ ಅಂದರು. ಕೆಳಗೆ ಇನ್ನೂ ನಾಲ್ಕು ಮಕ್ಕಳಿದ್ದರು. "ಅಷ್ಟು ಚುರುಕಾದರೆ ನೀವೇ ಅವನಿಗೆ ಅಂಗಡಿ ಲೆಕ್ಕ ಬರೆಯಲು ಕಲಿಸಿ ಮಾಸ್ಟ್ರೇ. ನಾನು ಗೋಡೆಯಲ್ಲಿ ಮಸಿಗೆರೆ ಎಳೆದು ಸಾಕಾಗಿದೆ." ಮಾಸ್ಟ್ರು ಆ ಮಳೆಗಾಲ ಪೂರ್ತಿ ಸಂಜೆ ಹೊತ್ತು ಅಂಗಡಿಯಲ್ಲಿ ಕೂತು ಕಲಿಸಿದರು. ಎಡಗಡೆ ತಾರೀಕು, ಆಮೇಲೆ ಸಾಮಾನು, ಬಲಗಡೆ ರೂಪಾಯಿ ಪೈಸೆ. ಕೊಟ್ಟದ್ದು ಒಂದು ಬದಿ, ಬಂದದ್ದು ಇನ್ನೊಂದು ಬದಿ. ಬಾಕಿ ತೀರಿದ ಮೇಲೆ ಅಡಿಯಲ್ಲಿ ಅಡ್ಡಗೆರೆ. ಗೆರೆ ಎಳೆದ ಲೆಕ್ಕಕ್ಕೆ ಮತ್ತೆ ಕೈ ಹಾಕಬಾರದು. ಈ ಕೊನೆಯ ನಿಯಮವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಉಪ್ಪನ ಉದ್ರಿ ಪುಸ್ತಕಗಳು ಐವತ್ತು ವರ್ಷಗಳ ಕಾಲ ಹಾಗೆಯೇ ನಡೆದವು, ಕನ್ನಡದಲ್ಲಿ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ, ಗಿರಾಕಿಗಳ ಹತ್ತಿರ ತುಳು, ಪಂಚಾಯತಿನಲ್ಲಿ ಮಲಯಾಳ. ಬರೆಯುವುದು ಮಾತ್ರ ಕನ್ನಡ. ಉಪ್ಪನಿಗೆ ಅದು ಅಭಿಮಾನದ ಸಂಗತಿಯೇನಲ್ಲ. ಕೈಗೆ ಬಂದ ಅಕ್ಷರ ಅದು, ಅಷ್ಟೆ.

ಅಂಗಡಿ ಈಗಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ ರಸ್ತೆ ಆರು ಪಥ ಆಗುವ ಕೆಲಸದಲ್ಲಿ 2021ರ ಕೊನೆಗೆ ಅದು ಹೋಯಿತು. ಪರಿಹಾರದ ಲೆಕ್ಕ ಬೇರೆ ಕಥೆ, ಇಲ್ಲಿ ಬೇಡ. ಜೆಸಿಬಿಗೆ ಹಂಚಿನ ಮಾಡು ಎಷ್ಟು ಹೊತ್ತಿನ ಕೆಲಸ ಮಾರಾಯ್ರೆ, ಉಪ್ಪ ಮಧ್ಯಾಹ್ನದ ನಮಾಜಿಗೆ ಹೋಗಿ ಬರುವಾಗ ಮುಗಿದಿತ್ತು. ಅದರ ಹಿಂದಿನ ದಿನ ಸಾಮಾನು ಸಾಗಿಸುವಾಗ ಅಟ್ಟದಿಂದ ಎರಡು ಗೋಣಿ ಉದ್ರಿ ಪುಸ್ತಕ ಸಿಕ್ಕಿತು. ಉಮ್ಮ ಬಚ್ಚಲ ಒಲೆಗೆ ಆಗುತ್ತದೆ ಅಂದರು. ಮಾಸ್ಟ್ರು ಅಲ್ಲೇ ನಿಂತಿದ್ದರು. "ಒಲೆಗೆ ತೆಂಗಿನ ಗರಿ ನಾನು ಕೊಡುತ್ತೇನೆ, ಇದು ನನಗೆ ಇರಲಿ" ಅಂದರು. ನಾನು ಎರಡೂ ಗೋಣಿಯನ್ನು ಬೈಕಿನಲ್ಲಿಟ್ಟು ಅವರ ಮನೆಗೆ ಮುಟ್ಟಿಸಿದೆ.

ಮಾಸ್ಟ್ರ ಮನೆ ರಸ್ತೆಯ ಮೂಡುಬದಿಯಲ್ಲಿ, ನಮ್ಮದು ಪಡುಬದಿಯಲ್ಲಿ. ಮೊದಲು ಎಡಬಲ ನೋಡಿ ದಾಟಿದರೆ ಮುಗಿಯಿತು. ಈಗ ನಡುವೆ ಗೋಡೆ, ಸರ್ವಿಸ್ ರಸ್ತೆಯಲ್ಲಿ ಅಂಡರ್‌ಪಾಸಿನವರೆಗೆ ನಡೆದು, ಆಚೆ ಬದಿಯಲ್ಲಿ ಮತ್ತೆ ಅಷ್ಟೇ ದೂರ ವಾಪಸ್ಸು ಬರಬೇಕು. 78 ವರ್ಷದವರಿಗೆ, ಮಂಡಿ ನೋವಿನವರಿಗೆ, ಅದು ಪ್ರಯಾಣ. ಅವರ ಹೆಂಡತಿ ತೀರಿಕೊಂಡು ಹತ್ತು ವರ್ಷ ಆಯಿತು. ಮಗ ಬೆಂಗಳೂರಿನಲ್ಲಿ. ಪ್ರತಿ ಓಣಂ ರಜೆಗೂ ಬಂದು "ಮನೆ ಮಾರಿ ನಮ್ಮ ಜೊತೆ ಬನ್ನಿ" ಎನ್ನುತ್ತಾನೆ. ಇವರು ತೋಟದ ಅಡಿಕೆ ಒಣಗಲಿ ನೋಡುವ ಎನ್ನುತ್ತಾರೆ. ಅಡಿಕೆ ವರ್ಷವೂ ಒಣಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ಹೋಗಿ ಅವರನ್ನು ಕರೆತರುತ್ತೇನೆ, ಇಲ್ಲವೇ ಅಲ್ಲೇ ಕೂರುತ್ತೇನೆ. 2022ರಲ್ಲಿ ಅವರ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಆಗ ಬರೆಯಲಾಗದೆ ನನ್ನ ಹತ್ತಿರ ಫೋನಿನಲ್ಲಿ ಟೈಪ್ ಮಾಡಲು ಹೇಳಿದರು. ಕಣ್ಣು ಸರಿಯಾದ ಮೇಲೂ ಅಭ್ಯಾಸ ಹಾಗೇ ಉಳಿಯಿತು. ಅವರು ಹೇಳುವುದು, ನಾನು ಒತ್ತುವುದು. ಎಲ್ಲ ಅವರ ಮನೆಯ ನೆನಪುಗಳು, ಮೊಮ್ಮಕ್ಕಳಿಗೆ. ಮೊಮ್ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮಗ ಒಮ್ಮೆ ನನಗೆ ಫೋನು ಮಾಡಿ, ಆಡಿಯೋ ರೆಕಾರ್ಡ್ ಮಾಡಿ ಕಳಿಸಿದರೆ ಸುಲಭ ಅಲ್ಲವಾ ಅಂದ. ಮಾಸ್ಟ್ರಿಗೆ ಹೇಳಿದೆ. "ಆಡಿಯೋದಲ್ಲಿ ಒತ್ತಕ್ಷರ ಕಾಣುತ್ತದಾ?" ಅಂದರು.

ಅವರ ಜೊತೆ ಟೈಪ್ ಮಾಡುವುದು ಸಣ್ಣ ಕೆಲಸವಲ್ಲ. ಫೋನು ತಾನಾಗಿಯೇ ಪದ ತಿದ್ದುತ್ತದೆ, ಅದನ್ನು ಅವರು ಮತ್ತೆ ತಿದ್ದುತ್ತಾರೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಈಗಲೂ ಮೊಣಕಾಲಿಗೆ ಬೆರಳಿನಿಂದ ಕುಟ್ಟುತ್ತಾರೆ. ಬೈಕಂಪಾಡಿಯಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಉಂಟು. ಅದರ ಚಕ್ರ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಬರೀ ಕೈ ತಿರುಗುತ್ತದೆ, ಟೂಲು ಅಲುಗುವುದಿಲ್ಲ. ಆಮೇಲೆ ಹಲ್ಲು ಹಿಡಿಯುತ್ತದೆ. ನಾವು ಅದನ್ನು ಬ್ಯಾಕ್‌ಲ್ಯಾಶ್ ಅನ್ನುತ್ತೇವೆ. ಮಾಸ್ಟ್ರ ನೆನಪೂ ಹಾಗೆ. ಒಂದು ವರ್ಷ ಹೇಳಿ ಎಂದರೆ ಮೊದಲು ಐದು ನಿಮಿಷ ಅಡಿಕೆ ರೇಟು, ಮಂಗಗಳ ಕಾಟ, ಟ್ರೆಶರಿಯ ಕ್ಯೂ. ಆಮೇಲೆ ಹಿಡಿಯಿತು ಅಂದರೆ ಬಿಡುವುದಿಲ್ಲ.

ಹಿಡಿದಾಗ ಹೇಳಿದ ಕೆಲವು ಇಲ್ಲಿವೆ.

1956ರ ನವೆಂಬರ್ 1ಕ್ಕೆ ಅವರು ಐದನೇ ಕ್ಲಾಸು. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ, ಮದ್ರಾಸಿನಿಂದ, ಕೇರಳಕ್ಕೆ ಹೋದ ದಿನ. ದೊಡ್ಡವರು ಗುಂಪುಗುಂಪಾಗಿ ಮಾತಾಡುತ್ತಿದ್ದರು. ಇವರಿಗೆ ಇದ್ದ ಚಿಂತೆ ಒಂದೇ, ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಬರೆದ ವಿಳಾಸ. ಜಿಲ್ಲೆಯನ್ನು ಹೊಡೆದು ಹಾಕಿ ಮಲಬಾರ್ ಎಂದು ಬರೆಯಲು ಹೇಳಿದರು. ಎರಡು ತಿಂಗಳಿಗೆ, 1957ರ ಜನವರಿಯಲ್ಲಿ, ಅದನ್ನೂ ಹೊಡೆದು ಹಾಕಿ ಕಣ್ಣಾನೂರು ಎಂದು ಬರೆಯಲು ಹೇಳಿದರು. 1984ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆ ಆಯಿತು. "ಒಂದೇ ಮನೆ, ಒಂದೇ ಬಾವಿ. ನಾಲ್ಕು ಜಿಲ್ಲೆಯ ನೀರು ಕುಡಿದೆ ನೋಡು" ಎನ್ನುತ್ತಾರೆ.

ಅದರ ಬೆನ್ನಿಗೇ ದುಡ್ಡೂ ಬದಲಾಯಿತು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾಪೈಸೆ ಬಂತು. ಎರಡಾಣೆಗೆ ಹನ್ನೆರಡೂವರೆ ಪೈಸೆ. ಅರ್ಧ ಪೈಸೆ ಎಲ್ಲಿಂದ ತರುವುದು? ನಮ್ಮ ಉಪ್ಪಾಪನ ಅಂಗಡಿಯಲ್ಲಿ ಅದರ ಮೇಲೆ ದಿನವೂ ಜಗಳ. ಬೆಲ್ಲ ತರಲು ಹೋದ ಹುಡುಗ, ಅಂದರೆ ಮಾಸ್ಟ್ರು, ಅದಕ್ಕೊಂದು ಉಪಾಯ ಹೇಳಿದರಂತೆ: ಅರ್ಧ ಪೈಸೆಗೆ ಒಂದು ಪೆಪ್ಪರ್‌ಮಿಂಟು ಕೊಡಿ. ಉಪ್ಪಾಪ ಹುಡುಗನ ಮುಖ ನೋಡಿ ಪೆಪ್ಪರ್‌ಮಿಂಟು ಕೊಟ್ಟರಂತೆ, ಬೇರೆ ಯಾರಿಗೂ ಕೊಡಲಿಲ್ಲವಂತೆ.

ಅವರ ಅಪ್ಪ ಗೇಣಿ ಒಕ್ಕಲು. ಗದ್ದೆ ಧನಿಗಳದ್ದು, ಬೆವರು ಇವರದ್ದು. ಕೊಯ್ಲು ಆದ ಕೂಡಲೇ ಅಕ್ಕಿಮುಡಿ ಕಟ್ಟಿ ಧನಿಗಳ ಮನೆಗೆ ಹೊರಬೇಕು. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ಇಳಿಯುತ್ತಿರಲಿಲ್ಲ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ನಿಂತಿತು. ಉಳುವವನ ಹೆಸರಿಗೆ ಗದ್ದೆ. ಆ ವರ್ಷ ಮೊದಲ ಸಲ ಮನೆಯಲ್ಲಿ ಕಟ್ಟಿದ ಮುಡಿ ಮನೆಯಲ್ಲೇ ಉಳಿಯಿತು. ಅವರ ಅಪ್ಪ ರಾತ್ರಿ ಎದ್ದೆದ್ದು ಚಿಮಣಿ ಹಿಡಿದು ಮುಡಿ ನೋಡಿ ಬರುತ್ತಿದ್ದರಂತೆ, ಯಾರಾದರೂ ಒಯ್ದರೋ ಎಂದು. ಮಂಗಳೂರು ಕಡೆಯ ನೆಂಟರಿಗೆ ಅದೇ ಭಾಗ್ಯ ಬಂದದ್ದು 1974ರ ಕಾನೂನಿನ ಮೇಲೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಮೆರವಣಿಗೆಯಲ್ಲಿ ನಡೆದವರು ಮಾಸ್ಟ್ರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಆ ಕಡೆಗೆ ಹೋಗಬೇಕೆಂದು ಮಹಾಜನ ವರದಿ ಬಂದಾಗ ಪಾಯಸ ಮಾಡಿಸಿದವರು. ಆದರೂ ಈ ಮಾತನ್ನು ಬರೆಯಲೇಬೇಕು ಅಂದರು: "ಆ ಗೆರೆಯಿಂದ ನಮ್ಮ ಭಾಷೆಗೆ ನಷ್ಟ ಆಯಿತು. ನನ್ನ ಅಪ್ಪನ ಗದ್ದೆ ನಾಲ್ಕು ವರ್ಷ ಮೊದಲು ಸಿಕ್ಕಿತು. ಎರಡನ್ನೂ ಬರೆ. ಒಂದನ್ನೇ ಬರೆದರೆ ಲೆಕ್ಕ ಕೂಡುವುದಿಲ್ಲ."

ನನಗೆ ಈ ಮಾತು ತುಂಬ ಹಿಡಿಸಿತು. ನಮ್ಮಲ್ಲಿ ಗಡಿಯ ಬಗ್ಗೆ ಮಾತಾಡುವವರು ಹೆಚ್ಚಾಗಿ ಒಂದು ಬದಿಯ ಕಾಲಂ ಮಾತ್ರ ತುಂಬಿಸುತ್ತಾರೆ.

ಅವರ ಅಮ್ಮ ಮತ್ತು ನನ್ನ ಉಪ್ಪನ ಉಮ್ಮ ಬೀಡಿ ಕಟ್ಟುತ್ತಿದ್ದದ್ದು ಒಂದೇ ಜಗಲಿಯಲ್ಲಿ, ಮೊರದ ಎದುರು ಮೊರ ಇಟ್ಟುಕೊಂಡು. ಇವರು ತುಳು, ಅವರು ಬ್ಯಾರಿ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿ ಇಬ್ಬರಿಗೂ ಅರ್ಥವಾಗುತ್ತಿತ್ತು. ಮಾಸ್ಟ್ರು ಬ್ಯಾರಿ ಕಲಿತದ್ದು ಆ ಮೊರಗಳ ನಡುವೆ ಕೂತು. ಮಲಯಾಳದವರು 'ವಾ' ಎಂದು ಕರೆದರೆ ಬ್ಯಾರಿಗಳು ಕನ್ನಡದವರ ಹಾಗೆ 'ಬಾ' ಎನ್ನುತ್ತಾರೆ, ಇದನ್ನು ಗಮನಿಸಿದ್ದೀಯಾ ಎಂದು ನನಗೆ ಐದನೇ ಕ್ಲಾಸಿನಲ್ಲಿ ಕೇಳಿದ್ದರು. ನಾನು ಮನೆಯಲ್ಲಿ ಆಡುವುದು ಒಂದು ಭಾಷೆ, ಅದಕ್ಕೂ ಒಂದು ಕ್ರಮ ಉಂಟು ಎಂದು ನನಗೆ ಗೊತ್ತಾದದ್ದು ಆವತ್ತು. ಅಲ್ಲಿಯವರೆಗೆ ಬ್ಯಾರಿ ಅಂದರೆ ಮನೆಯ ಒಳಗಿನ ಮಾತು, ಅಷ್ಟೇ ಅಂದುಕೊಂಡಿದ್ದೆ.

ಉಪ್ಪಿಟ್ಟಿನ ವಿಷಯ ಬಂದರೆ ಉಪ್ಪ ಮತ್ತು ಮಾಸ್ಟ್ರು ಇಬ್ಬರೂ ಸೇರಿ ಹೇಳುತ್ತಾರೆ. ಕೇರ್ ಸಂಸ್ಥೆಯ ಕಡೆಯಿಂದ ಅಮೆರಿಕದ ಗೋಧಿ ಶಾಲೆಗೆ ಬರುತ್ತಿದ್ದ ಕಾಲ. ದೊಡ್ಡ ಬಾಣಲೆಯಲ್ಲಿ ಎಣ್ಣೆಗೆ ಗೋಧಿನುಚ್ಚು ಬಿದ್ದ ವಾಸನೆ ಹನ್ನೊಂದು ಗಂಟೆಗೇ ಕ್ಲಾಸಿಗೆ ಬರುತ್ತಿತ್ತಂತೆ, ಆಮೇಲೆ ಯಾರ ತಲೆಗೂ ಭಾಗಾಕಾರ ಹತ್ತುತ್ತಿರಲಿಲ್ಲವಂತೆ. ತಟ್ಟೆ ಇಲ್ಲದವರು ಬೇಲಿಯಿಂದ ಉಪ್ಪಳಿಗೆ ಎಲೆ ಕಿತ್ತು ತರಬೇಕು. ಉಪ್ಪ ಎರಡು ಎಲೆ ತರುತ್ತಿದ್ದರು, ಒಂದು ತಿನ್ನಲು, ಇನ್ನೊಂದು ಮನೆಯಲ್ಲಿದ್ದ ತಂಗಿಗೆ ಮಡಚಿ ಒಯ್ಯಲು. ಮಾಸ್ಟ್ರಿಗೆ ಅದು ಗೊತ್ತಿತ್ತು. ಬಡಿಸುವಾಗ ಎರಡನೇ ಎಲೆ ಕಾಣದವರ ಹಾಗೆ ಒಂದು ಸೌಟು ಹೆಚ್ಚು ಹಾಕುತ್ತಿದ್ದರು. ಇದನ್ನು ಮಾಸ್ಟ್ರು ಹೇಳಲಿಲ್ಲ, ಉಪ್ಪ ಹೇಳಿದ್ದು.

ಹೀಗೆ ವರ್ಷ ವರ್ಷ ಬರುತ್ತಿತ್ತು. 1979ರಲ್ಲಿ ಮನೆಗೆ ಕರೆಂಟು, 1981ರಲ್ಲಿ ಬಾವಿಗೆ ಕಟ್ಟೆ, 1982ರಲ್ಲಿ ಶಾಲೆಯ ಮಕ್ಕಳಿಂದ ಯಕ್ಷಗಾನ. ಆಮೇಲಿನ ಭಾನುವಾರ ಕೂತಾಗ ಅವರು ನೇರ 1984ಕ್ಕೆ ಹೋದರು, ಜಿಲ್ಲೆ ಆದದ್ದು. ನಾನು ಪುಟ ಹಿಂದೆ ಮುಂದೆ ಸರಿಸಿ, "83 ಬಿಟ್ಟು ಹೋಯಿತು ಮಾಸ್ಟ್ರೇ" ಅಂದೆ. "ಆ ವರ್ಷ ಎಂತದೂ ಇಲ್ಲ. ಮುಂದೆ ಬರೆ" ಅಂದರು.

ಮನೆಗೆ ಬಂದು ಉಮ್ಮನಿಗೆ ಹೇಳಿದೆ. ಉಮ್ಮ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. 1983ರಲ್ಲಿ ಉಮ್ಮ ಈ ಮನೆಗೆ ಹೊಸ ಮದುಮಗಳು. ಮಾಸ್ಟ್ರಿಗೆ ಮಗನಿಗಿಂತ ದೊಡ್ಡವಳು ಒಬ್ಬ ಮಗಳಿದ್ದಳು, ಆರು ವರ್ಷದವಳು. ದಿನಾ ಅಂಗಡಿಗೆ ಬಂದು ಶುಂಠಿ ಪೆಪ್ಪರ್‌ಮಿಂಟು ಕೇಳುವವಳು. ಉಮ್ಮನ ಹೊಸ ಬಳೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳಂತೆ. ಆಟಿ ತಿಂಗಳಿನಲ್ಲಿ ಜ್ವರ ಬಂತು. ಮಂಗಳೂರಿಗೆ ಒಯ್ದರು. ಜ್ವರ ತಲೆಗೇರಿದೆ ಎಂದರು. ಮೂರನೇ ದಿನ ಅದೇ ಕಾರಿನಲ್ಲಿ ವಾಪಸ್ಸು ತಂದರು. ನನಗೆ ಮೂವತ್ತು ದಾಟುವವರೆಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಅವರ ಮನೆಯ ಗೋಡೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ತೆಗೆಸಿಯೇ ಇರಲಿಲ್ಲ ಅಂತ ಉಮ್ಮ ಹೇಳಿದರು.

ನಾನು ಆಮೇಲೆ ಕೇಳಲಿಲ್ಲ. 84, 85, 86 ಬರೆದೆವು.

2023ರಲ್ಲಿ ಉಪ್ಪ ಉಮ್ರಾಕ್ಕೆ ಹೊರಟರು. ನಮ್ಮಲ್ಲಿ ಮಕ್ಕಕ್ಕೆ ಹೋಗುವವರು ಹೊರಡುವ ಮೊದಲು ಸಾಲ ತೀರಿಸುತ್ತಾರೆ, ಮನೆಮನೆಗೆ ಹೋಗಿ "ಮಾತಿನಲ್ಲಿ, ತೂಕದಲ್ಲಿ ಏನಾದರೂ ತಪ್ಪಿದ್ದರೆ ಬಿಟ್ಟುಬಿಡಿ" ಎಂದು ಕೇಳಿಕೊಳ್ಳುತ್ತಾರೆ. ಅಂಗಡಿ ನಡೆಸಿದವನಿಗೆ ತೂಕದ ಮಾತು ಸಣ್ಣದಲ್ಲ. ಉಪ್ಪ ಎಂಟು ದಿನ ತಿರುಗಿದರು, ನಾನು ಬೈಕಿನಲ್ಲಿ ಕರೆದುಕೊಂಡು ಹೋದೆ. ಲಾಕ್‌ಡೌನಿನಲ್ಲಿ ಬರೆದ ಉದ್ರಿ ಇನ್ನೂ ಬಹಳ ಜನರ ಮೇಲೆ ಬಾಕಿ ಇತ್ತು. 2020ರಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದ ಕಾಲದಲ್ಲಿ ನಾನೂ ಕೆಲಸವಿಲ್ಲದೆ ಮನೆಯಲ್ಲಿದ್ದೆ, ಮಂಗಳೂರಿಗೆ ಕೂಲಿಗೆ ಹೋಗುವ ಅರ್ಧ ಊರೂ ಮನೆಯಲ್ಲಿತ್ತು. ಆ ಎರಡು ತಿಂಗಳ ಉದ್ರಿ ಅದರ ಹಿಂದಿನ ಎರಡು ವರ್ಷದ್ದಕ್ಕಿಂತ ದಪ್ಪ. ಉಪ್ಪ ಅದನ್ನೆಲ್ಲ ಬಿಟ್ಟೆ ಎಂದು ಒಬ್ಬೊಬ್ಬರ ಮನೆಯಲ್ಲೂ ಹೇಳಿ ಬಂದರು. ಕೆಲವರು ಒಳಗೆ ಹೋಗಿ ದುಡ್ಡು ತಂದು ಕೊಟ್ಟರು. ಒಬ್ಬರು ಬಾಗಿಲು ತೆರೆಯಲಿಲ್ಲ, ವಸೂಲಿಗೆ ಬಂದದ್ದು ಅಂದುಕೊಂಡರೋ ಏನೋ.

ಕೊನೆಗೆ ಮಾಸ್ಟ್ರ ಮನೆ. ಮಾಸ್ಟ್ರು ಮೇಜಿನ ಮೇಲೆ ಒಂದು ಉದ್ರಿ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ರಟ್ಟು ಹೋಗಿ ಗೆದ್ದಲು ಅರ್ಧ ತಿಂದ ಪುಸ್ತಕ, 1983.

ಮಾಸ್ಟ್ರು ಎಂದು ಹೆಸರು ಇದ್ದ ಪುಟ. ಜುಲೈ ಕೊನೆಯಿಂದ ಬಾರ್ಲಿ, ಗ್ಲೂಕೋಸ್ ಪುಡಿ, ಬ್ರೆಡ್ಡು, ಮತ್ತೆ ಬಾರ್ಲಿ. ಒಂದು ಕಡೆ "ಕಾರಿಗೆ ನಗದು 50". ಕೊನೆಯ ಸಾಲು "ಶುಂಠಿ ಪೆಪ್ಪರ್‌ಮಿಂಟು 10 ಪೈಸೆ". ಒಟ್ಟು 84 ರೂಪಾಯಿ 50 ಪೈಸೆ. ಬಂದದ್ದು ಎಂಬ ಬದಿ ಖಾಲಿ. ಅದರ ಅಡಿಯಲ್ಲಿ ಅಡ್ಡಗೆರೆ.

"ಇದು ನಾನು ಕೊಟ್ಟದ್ದಲ್ಲ" ಅಂದರು ಮಾಸ್ಟ್ರು. ತುಳುವಿನಲ್ಲಿ, ಮೆಲ್ಲಗೆ.

ಉಪ್ಪ ಪುಸ್ತಕದ ಕಡೆ ನೋಡಲಿಲ್ಲ. "ಅದು ಮುಗಿದ ಲೆಕ್ಕ ಮಾಸ್ಟ್ರೇ."

"ಕೊಡದೆ ಹೇಗೆ ಮುಗಿಯಿತು?"

"ನಾನು ಗೆರೆ ಎಳೆದಿದ್ದೇನಲ್ಲ. ಗೆರೆ ಎಳೆದ ಲೆಕ್ಕಕ್ಕೆ ಮತ್ತೆ ಕೈ ಹಾಕಬಾರದು ಅಂತ ಕಲಿಸಿದ್ದು ನೀವೇ."

ಮಾಸ್ಟ್ರು ಒಂದು ಚೀಟಿ ತೆಗೆದರು. ಕೆಂಪು ಶಾಯಿಯಲ್ಲಿ ಲೆಕ್ಕ ಮಾಡಿಟ್ಟಿದ್ದರು. ಅಸಲು 84.50. ನೂರಕ್ಕೆ 6ರಂತೆ 40 ವರ್ಷದ ಸರಳಬಡ್ಡಿ 202.80. ಒಟ್ಟು 287.30.

ಉಪ್ಪ ನಕ್ಕುಬಿಟ್ಟರು. "ಬಡ್ಡಿ ನಮಗೆ ಹರಾಮು ಮಾಸ್ಟ್ರೇ. ಅದೂ ಮಕ್ಕಕ್ಕೆ ಹೋಗುವವನಿಗೆ ಬಡ್ಡಿ ಕೊಡುವುದಾ?"

"ಹಾಗಾದರೆ ಅಸಲು ತಗೋ."

"ಇಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಹೊರಗೆ ಲಾರಿಗಳ ಸದ್ದು. ಆಮೇಲೆ ಮಾಸ್ಟ್ರು ಹೇಳಿದರು, "ನೀನು ಊರಿನವರದ್ದೆಲ್ಲ ಬಿಟ್ಟುಕೊಟ್ಟೆ ಅಂತ ಕೇಳಿದೆ. ಒಳ್ಳೆಯದಾಯಿತು. ಇದು ಹಾಗಲ್ಲ. ಅವಳಿಗೆ ಅಂತ ನಾನು ಕೊನೆಗೆ ತಂದ ಸಾಮಾನು ಇದು. ಆ ಪೆಪ್ಪರ್‌ಮಿಂಟು ಅವಳು ತಿನ್ನಲಿಲ್ಲ, ಕಾರಿನಲ್ಲಿ ಅವಳ ಮುಷ್ಟಿಯಲ್ಲಿ ಇತ್ತು. ಅದು ಅವಳ ಅಪ್ಪನ ದುಡ್ಡಿನದ್ದಾಗಬೇಕು. ಬಿಟ್ಟಿ ಆಗಬಾರದು."

ಉಪ್ಪ ಕೈ ಚಾಚಿದರು.

ಮಾಸ್ಟ್ರು ಕಿಸೆಯಿಂದ 85 ರೂಪಾಯಿ ಎಣಿಸಿ ಕೊಟ್ಟರು. ಐವತ್ತರ ಒಂದು ನೋಟು, ಹತ್ತರ ಮೂರು, ಐದರ ನಾಣ್ಯ. ಉಪ್ಪ ತೆಗೆದುಕೊಂಡು ಶರಟಿನ ಕಿಸೆಗೆ ಹಾಕಿ ಎದ್ದು ನಿಂತವರು ಮತ್ತೆ ಕೂತರು. "ಐವತ್ತು ಪೈಸೆ ವಾಪಸ್ಸು ಕೊಡಬೇಕು."

ನನ್ನ ಕಿಸೆ ತಡಕಿದರು. ಮಾಸ್ಟ್ರ ಮೇಜಿನ ಡ್ರಾವರು ತೆರೆಸಿದರು. ಐವತ್ತು ಪೈಸೆ ಈಗ ಎಲ್ಲಿ ಸಿಗುತ್ತದೆ? ಒಂದು ರೂಪಾಯಿ ಇಟ್ಟುಕೊಳ್ಳಿ ಅಂದರೆ ಮಾಸ್ಟ್ರು ಒಪ್ಪಲಿಲ್ಲ. ಆಗ ಐವತ್ತು ಪೈಸೆ ಅವರ ಮೇಲೆ ಬಾಕಿ ಆಗುತ್ತದಂತೆ. ಹೀಗೆ ಇಬ್ಬರು ಮುದುಕರು ಕಾಲು ಗಂಟೆ ಕೂತರು. ನಾನು ಯುಪಿಐ ಮಾಡುತ್ತೇನೆ, ಅದರಲ್ಲಿ ಪೈಸೆಯೂ ಹೋಗುತ್ತದೆ ಅಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಉಪ್ಪ ಟೋಪಿ ಸರಿಮಾಡಿಕೊಂಡು, ಊರಿನ ಎಲ್ಲ ಮನೆಯಲ್ಲಿ ಕೇಳಿದ ಹಾಗೆ ಅಲ್ಲೂ ಕೇಳಿದರು. "ಮಾಸ್ಟ್ರೇ, ನಿಮ್ಮ ಐವತ್ತು ಪೈಸೆ ನನ್ನ ಮೇಲೆ ಉಂಟು. ಸಾಲ ಇಟ್ಟು ನಾನು ಹೋಗುವ ಹಾಗಿಲ್ಲ. ಬಿಟ್ಟುಕೊಡಿ."

"ಬಿಟ್ಟೆ" ಅಂದರು ಮಾಸ್ಟ್ರು.

ಪುಸ್ತಕ ಎಳೆದುಕೊಂಡು, ಬಂದದ್ದು ಎಂಬ ಬದಿಯಲ್ಲಿ ತಾರೀಕು ಹಾಕಿ ತಾವೇ 84.50 ಎಂದು ಬರೆದರು. ಅಡಿಯಲ್ಲಿ ಉಪ್ಪ ಸಹಿ ಮಾಡಿದರು. ಗೆರೆ ಮೊದಲೇ ಇತ್ತು. ಆ ಹಾಳೆಯನ್ನು ನೀವೇ ಹರಿದು ಇಟ್ಟುಕೊಳ್ಳಿ ಎಂದು ಉಪ್ಪ ಹೇಳಿದ್ದಕ್ಕೆ, ಪುಸ್ತಕದ ಹಾಳೆ ಹರಿಯುವುದಾ ಎಂದು ಬೈದರು. ನಾನು ಫೋನಿನಲ್ಲಿ ಫೋಟೋ ತೆಗೆದು, ಉಪ್ಪಳದಲ್ಲಿ ಪ್ರಿಂಟು ಮಾಡಿಸಿ, ಲ್ಯಾಮಿನೇಶನ್ ಮಾಡಿಸಿ ತಂದುಕೊಟ್ಟೆ. ಪೆನ್ಶನ್ ಪುಸ್ತಕದ ಒಳಗೆ ಇಟ್ಟಿದ್ದಾರೆ. ಮಸ್ಟರಿಂಗಿಗೆ ಅಕ್ಷಯ ಕೇಂದ್ರಕ್ಕೆ ಹೋದಾಗ ಅಲ್ಲಿಯ ಹುಡುಗಿ ಅದನ್ನು ತೆಗೆದು ನೋಡಿ, ಕನ್ನಡ ಬಾರದೆ, ಇದು ಯಾವ ಸರ್ಟಿಫಿಕೇಟ್ ಎಂದು ಮಲಯಾಳದಲ್ಲಿ ಕೇಳಿದಳು. "ಮಗಳದ್ದು" ಅಂದರು.

ಉಪ್ಪ ಹೋಗಿ ಬಂದರು. ಝಮ್‌ಝಮ್ ನೀರು, ಖರ್ಜೂರ ಮಾಸ್ಟ್ರಿಗೂ ತಲುಪಿತು. ಆ ವಾರ 83ರ ಬಗ್ಗೆ ತಾವಾಗಿಯೇ ಹೇಳಿದರು, ಒಂದೂವರೆ ಪುಟ. ಅದರಲ್ಲಿ ಆಸ್ಪತ್ರೆ ಇಲ್ಲ, ಜ್ವರ ಇಲ್ಲ. ಅವಳು ಉಮ್ಮನ ಬಳೆ ಎಣಿಸುವಾಗ ಹದಿಮೂರರ ನಂತರ ಹದಿನೈದು ಹೇಳುತ್ತಿದ್ದದ್ದು, ಲೆಕ್ಕದ ಮಾಸ್ಟ್ರ ಮಗಳಿಗೆ ಹದಿನಾಲ್ಕು ಬಾರದಲ್ಲ ಎಂದು ನಮ್ಮ ಅಂಗಡಿಯಲ್ಲಿ ಎಲ್ಲರೂ ನಗುತ್ತಿದ್ದದ್ದು, ಅಷ್ಟು.

ನನ್ನ ಮಗಳು ಬರುವ ಜೂನಿಗೆ ಒಂದನೇ ಕ್ಲಾಸು. ಉಪ್ಪ ಮತ್ತು ನಾನು ಓದಿದ ಶಾಲೆಯಲ್ಲಿ ಕನ್ನಡ ಡಿವಿಜನ್ ಈಗಲೂ ಉಂಟು, ಮಕ್ಕಳು ಕಡಿಮೆ. ಹೆಂಡತಿಗೆ ಇಂಗ್ಲಿಷ್ ಮೀಡಿಯಂ ಬೇಕು. ಕನ್ನಡದಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿ ಪಾಲಿಟೆಕ್ನಿಕ್ಕಿಗೆ ಹೋಗಿ ಮೊದಲ ವರ್ಷ ನಾನು ಪಟ್ಟ ಪಾಡು ಅವಳಿಗೆ ಗೊತ್ತು, ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಮಾಸ್ಟ್ರಲ್ಲಿ ಕೇಳಿದೆ. ಭಾಷಣ ಬರುತ್ತದೆ ಎಂದು ಕಾದೆ. ಬರಲಿಲ್ಲ. "ನನ್ನ ಮಗನನ್ನು ನಾನೇ ಎಂಟಕ್ಕೆ ಮಂಗಳೂರಿನ ಇಂಗ್ಲಿಷ್ ಶಾಲೆಗೆ ಸೇರಿಸಿದವನು. ನಾನು ನಿನಗೆ ಎಂತ ಹೇಳುವುದು?" ಸ್ವಲ್ಪ ಹೊತ್ತಿನ ಮೇಲೆ, "ಯಾವುದಕ್ಕಾದರೂ ಸೇರಿಸು. ಭಾನುವಾರ ಬರುವಾಗ ಅವಳನ್ನೂ ಕರೆದುಕೊಂಡು ಬಾ" ಅಂದರು.

ಈಗ ಅವಳೂ ಬರುತ್ತಾಳೆ. ನಾನು ಟೈಪ್ ಮಾಡುವಾಗ ಅವಳಿಗೆ ಅಂಗಳದ ಮರಳಿನಲ್ಲಿ ಬೆರಳಿನಿಂದ ಅ ಆ ತಿದ್ದಿಸುತ್ತಾರೆ. ಸಂಖ್ಯೆಯೂ ಹೇಳಿಸುತ್ತಾರೆ, ಹದಿನಾಲ್ಕು ಬಂದಾಗ ಒಮ್ಮೆ ನಿಲ್ಲಿಸಿ ಮತ್ತೆ ಹೇಳಿಸುತ್ತಾರೆ. ನಮ್ಮ ಬರವಣಿಗೆ ಈಗ 1991ಕ್ಕೆ ಬಂದಿದೆ. ಕಳೆದ ವಾರ 'ಸಾಕ್ಷರತೆ' ಎಂಬ ಪದದಲ್ಲಿ ನಾನು 'ಕ್ಷ'ದ ಬದಲು 'ಕ್ಚ' ಒತ್ತಿದ್ದೆ, ಅದನ್ನು ಸರಿ ಮಾಡಿಯೇ ಎದ್ದದ್ದು. ಮುಂದಿನ ಭಾನುವಾರ ಸಾಕ್ಷರತಾ ಕ್ಲಾಸಿಗೆ ಬಂದ ಅಜ್ಜಿಯಂದಿರ ಬಗ್ಗೆ ಹೇಳುತ್ತಾರಂತೆ. ನನ್ನ ಉಪ್ಪನ ಉಮ್ಮನೂ ಅದರಲ್ಲಿ ಇದ್ದರಂತೆ, ಮೊರ ಸಮೇತ.